ಇರುವೆ ಸಾಲಿನ ಪಕ್ಕ ಕೂತ ನೊಣ ಇರುವೆಯ ತಲೆ ಉರುಳಿಸುತ್ತದಾ?

ಪ್ರಶ್ನೆ: ಮುಳಬಾಗಿಲು ಹತ್ತಿರ ನಮಗೆ ಮೂರು ಎಕರೆ ಮಾವಿನ ತೋಟ ಇದೆ. ಈ ವರ್ಷ ಮರದ ತುಂಬ ಇರುವೆ. ನೆಲದಲ್ಲಿ ಸುಡುವ ಕೆಂಪಿರುವೆ ಬೇರೆ, ಕಾಯಿ ಕೀಳಲು ಬಂದವರು ಕಾಲಿಡಲು ಹೆದರುತ್ತಾರೆ. ಹೋದ ವಾರ ಮಳೆಗೆ ಮುಂಚೆ ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೋಗುತ್ತಿದ್ದವು. ಪಕ್ಕದ ಕಲ್ಲಿನ ಮೇಲೆ ಒಂದು ಕಂದು ನೊಣ, ಮನೆ ನೊಣಕ್ಕಿಂತ ಸ್ವಲ್ಪ ದೊಡ್ಡದು, ಕೂತಿತ್ತು. ಆಗಾಗ ಸಾಲಿನ ಮೇಲೆ ಎರಗಿ ಮತ್ತೆ ಕಲ್ಲಿಗೆ ಬರುತ್ತಿತ್ತು. ಇದನ್ನು ಹೇಳಿದಾಗ ನನ್ನ ಮಗ ಮೊಬೈಲಿನಲ್ಲಿ ಇರುವೆಯ ತಲೆ ಕಡಿಯುವ ನೊಣದ ವಿಡಿಯೋ ತೋರಿಸಿದ. ನಾನು ನೋಡಿದ್ದು ಅದೇ ನೊಣವಾ? ಅದನ್ನು ಸಾಕಿ ತೋಟಕ್ಕೆ ಬಿಟ್ಟರೆ ಇರುವೆ ಹೋಗುತ್ತವಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇರುವೆ ಸಾಲಿನ ಪಕ್ಕ ಕೂತ ನೊಣವನ್ನು ಅಷ್ಟು ಹೊತ್ತು ನಿಂತು ನೋಡುವವರು ಕಡಿಮೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ನೋಡಿದ ನೊಣ ಬೇರೆ, ವಿಡಿಯೋದ ನೊಣ ಬೇರೆ. ಎರಡನ್ನೂ ಸಾಕಿ ತೋಟಕ್ಕೆ ಬಿಡುವ ಯೋಚನೆ ಬೇಡ. ಆದರೆ ನಿಮ್ಮ ಮರದ ಇರುವೆಗೆ ಬೇರೆ ದಾರಿ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಕಲ್ಲಿನ ಮೇಲೆ ಕೂತು ಕಾಯುವುದು, ಎರಗುವುದು, ಮತ್ತೆ ಅದೇ ಕಲ್ಲಿಗೆ ಬರುವುದು, ಈ ನಡತೆ ಬೆಂಗಾಲಿಯಾ ಅನ್ನುವ ಗುಂಪಿನ ನೊಣದ್ದು. ಇದು ಅಪ್ಪಟ ದಾರಿಗಳ್ಳ. ಇದಕ್ಕೆ ಇರುವೆ ಬೇಕಿಲ್ಲ, ಇರುವೆ ಹೊತ್ತಿರುವ ಗಂಟು ಬೇಕು. ನಾವೆಲ್ಲ ಇರುವೆ ಮೊಟ್ಟೆ ಅನ್ನುತ್ತೇವಲ್ಲ, ಆ ಬಿಳಿ ಅಕ್ಕಿಕಾಳಿನಂಥದ್ದು, ಅದು ನಿಜವಾಗಿ ಮೊಟ್ಟೆಯಲ್ಲ. ಮೊಟ್ಟೆ ತೀರಾ ಸಣ್ಣದು, ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಕಷ್ಟ. ಇರುವೆಗಳು ಬಾಯಲ್ಲಿ ಕಚ್ಚಿಕೊಂಡು ಓಡುವುದು ಹೆಚ್ಚಾಗಿ ಮರಿಹುಳ ಮತ್ತು ಕೋಶ. ಬೆಂಗಾಲಿಯಾ ಎರಗಿ ಅದನ್ನು ಕಿತ್ತುಕೊಂಡು ಪಕ್ಕಕ್ಕೆ ಒಯ್ದು ರಸ ಹೀರುತ್ತದೆ. ಕೆಲವು ಸಲ ಇರುವೆ ಬಿಡುವುದಿಲ್ಲ, ಆ ಕಡೆ ಇರುವೆ, ಈ ಕಡೆ ನೊಣ, ನಡುವೆ ಒಂದು ಬಿಳಿ ಕೋಶ, ಹಗ್ಗಜಗ್ಗಾಟವೇ ನಡೆಯುತ್ತದೆ. ಮಳೆಗೆ ಮುಂಚೆ ಇರುವೆಗಳು ಗೂಡು ಬದಲಾಯಿಸುವಾಗ ಇದಕ್ಕೆ ಸುಗ್ಗಿ. ಹಾರುವ ಗೆದ್ದಲನ್ನೂ ಹಿಡಿದು ತಿನ್ನುತ್ತದೆ. ಒಂದು ಸಾಲಿಗೆ ನಾಲ್ಕಾರು ಕೋಶ ಹೋದರೆ ಗೂಡಿಗೆ ಏನೂ ಆಗುವುದಿಲ್ಲ. ಆದ್ದರಿಂದ ಇದರಿಂದ ಇರುವೆ ಕಡಿಮೆಯಾಗುತ್ತದೆ ಅಂತ ಕಾಯಬೇಡಿ. ತೊಂದರೆಯೂ ಇಲ್ಲ, ಅದರ ಪಾಡಿಗೆ ಬಿಟ್ಟುಬಿಡಿ.

ಈಗ ವಿಡಿಯೋದ ನೊಣ. ಇದು ಫೋರಿಡ್ ಅನ್ನುವ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಕೆಲವರು ನಿಮಗೆ ಈಗಾಗಲೇ ಗೊತ್ತು. ಬಚ್ಚಲ ಹತ್ತಿರ, ಕೊಳೆತ ಬಾಳೆಹಣ್ಣು ಈರುಳ್ಳಿಯ ಮೇಲೆ ಸಣ್ಣ ಗೂನುಬೆನ್ನಿನ ನೊಣ ಕಾಣುತ್ತದೆ. ಅಟ್ಟಿದರೆ ತಕ್ಷಣ ಹಾರುವುದಿಲ್ಲ, ಗಡಿಬಿಡಿಯಲ್ಲಿ ತಡೆದು ತಡೆದು ಓಡುತ್ತದೆ. ಅವು ಕೊಳೆತದ್ದನ್ನು ತಿಂದು ಬದುಕುವವು. ಅದೇ ಕುಟುಂಬದಲ್ಲಿ ಇರುವೆಯ ದೇಹದೊಳಗೇ ಬೆಳೆಯುವ ಗುಂಪುಗಳೂ ಇವೆ. ಅವುಗಳಲ್ಲಿ ಸ್ಯೂಡಾಕ್ಟಿಯಾನ್ ಅನ್ನುವುದು ಜಾಸ್ತಿ ಹೆಸರುವಾಸಿ. ಮೈಯಳತೆ ಒಂದೆರಡು ಮಿಲಿಮೀಟರ್ ಅಷ್ಟೇ. ನೀವು ಕಲ್ಲಿನ ಮೇಲೆ ನೋಡಿದಷ್ಟು ದೊಡ್ಡದು ಇದಾಗಿರಲು ಸಾಧ್ಯವೇ ಇಲ್ಲ.

ನಿಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಏಕೆಂದರೆ ರೇಷ್ಮೆ ಸಾಕುವ ಮನೆಗಳಲ್ಲಿ ಊಜಿ ನೊಣ ಗೊತ್ತಿಲ್ಲದವರು ಯಾರಿದ್ದಾರೆ? ಊಜಿ ಬಂದು ಹುಳದ ಮೈ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ, ಮರಿ ಚರ್ಮ ಕೊರೆದು ಒಳಗೆ ಹೋಗುತ್ತದೆ, ಆ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ, ಕೊನೆಗೆ ಗೂಡಿಗೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಸ್ಯೂಡಾಕ್ಟಿಯಾನ್ ಬದುಕೂ ಇದೇ ದಾರಿಯದ್ದು, ಆದರೆ ಇನ್ನೂ ನಾಜೂಕು. ಹೆಣ್ಣು ನೊಣ ಇರುವೆಯ ಮೇಲೆ ಸ್ವಲ್ಪ ಎತ್ತರದಲ್ಲಿ ತೂಗುತ್ತಾ ನಿಲ್ಲುತ್ತದೆ. ಸಮಯ ನೋಡಿ ಇಳಿದು ಸೂಜಿಯಂಥ ಅಂಗದಿಂದ ಎದೆಯ ಭಾಗಕ್ಕೆ ಒಂದು ಮೊಟ್ಟೆ ಚುಚ್ಚಿ ಎದ್ದುಬಿಡುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನ ಒಳಗೆ ಮುಗಿಯುತ್ತದೆ. ಇರುವೆ ಒಂದು ಗಳಿಗೆ ತತ್ತರಿಸುತ್ತದೆ, ಆಮೇಲೆ ಎದ್ದು ನಡೆಯುತ್ತದೆ.

ಮೊಟ್ಟೆಯೊಡೆದ ಮರಿ ಕೆಲವು ದಿನದಲ್ಲಿ ಎದೆಯಿಂದ ಕುತ್ತಿಗೆ ದಾಟಿ ತಲೆಗೆ ಹೋಗಿ ಸೇರುತ್ತದೆ. ಅಲ್ಲಿ ಎರಡು ಮೂರು ವಾರ ಇರುತ್ತದೆ. ಮೊದಮೊದಲು ಇರುವೆಯ ಮೈಯ ರಸ ಮಾತ್ರ ಕುಡಿಯುತ್ತದೆ, ಜೀವಕ್ಕೆ ಬೇಕಾದ್ದನ್ನು ಮುಟ್ಟುವುದಿಲ್ಲ, ಹಾಗಾಗಿ ಇರುವೆ ಎಂದಿನಂತೆ ಓಡಾಡಿಕೊಂಡಿರುತ್ತದೆ. ಕೊನೆಯ ದಿನ ಬಂದಾಗ ಇರುವೆ ಗೂಡು ಬಿಟ್ಟು ಹೊರಗೆ ಹೋಗುತ್ತದೆ, ತರಗು ಹುಲ್ಲಿನ ಮರೆಗೆ ಸೇರುತ್ತದೆ. ಇದನ್ನು 2007ರಲ್ಲಿ ಸಂಶೋಧಕರು ಬರೆದಿದ್ದಾರೆ. ನಡೆಯುವ ಕಾಲು ಇರುವೆಯದ್ದೇ ಆದರೂ ಹೋಗಬೇಕಾದ ಜಾಗ ಮಾತ್ರ ಒಳಗಿನ ಮರಿಗೆ ಅನುಕೂಲವಾದದ್ದು. ಆಮೇಲೆ ಮರಿ ತಲೆ ಮತ್ತು ಎದೆಯನ್ನು ಹಿಡಿದಿಡುವ ಪೊರೆಯನ್ನು ಕರಗಿಸುತ್ತದೆ. ತಲೆಯೊಳಗೆ ಉಳಿದಿದ್ದನ್ನೆಲ್ಲ ತಿಂದು ಮುಗಿಸುತ್ತದೆ. ತಲೆ ಕಳಚಿ ಬೀಳುತ್ತದೆ. ಆ ಖಾಲಿ ತಲೆಯೇ ಮರಿಗೆ ಕೋಶ. ಇರುವೆಯ ಬಾಯಿಯ ಜಾಗಕ್ಕೆ ತನ್ನ ಗಟ್ಟಿ ಮುಂಭಾಗವನ್ನು ಮುಚ್ಚಳದ ಹಾಗೆ ಹೊಂದಿಸಿಕೊಂಡು ಇನ್ನೊಂದೆರಡು ಮೂರು ವಾರ ಅಲ್ಲೇ ಮಲಗುತ್ತದೆ. ಕೊನೆಗೆ ಅದೇ ಬಾಯಿಂದ ನೊಣವಾಗಿ ಹೊರಬರುತ್ತದೆ. ಅಲ್ಲಿಂದ ಮುಂದೆ ಅದರ ಆಯಸ್ಸು ಹೆಚ್ಚೆಂದರೆ ಒಂದು ವಾರ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಹುಟ್ಟುವ ನೊಣ ಗಂಡೋ ಹೆಣ್ಣೋ ಅನ್ನುವುದು ಇರುವೆಯ ತಲೆಯ ಅಳತೆಯ ಜೊತೆ ಹೋಗುತ್ತದೆ. ದೊಡ್ಡ ತಲೆಯಿಂದ ಹೆಣ್ಣು, ಸಣ್ಣ ತಲೆಯಿಂದ ಗಂಡು. ಮೊಟ್ಟೆ ಹೊರಬೇಕಾದ ಹೆಣ್ಣಿಗೆ ದೊಡ್ಡ ಮನೆ ಬೇಕು ನೋಡಿ. ನಾನು ಮೂವತ್ತು ವರ್ಷದಿಂದ ಹುಳಗಳ ಹಿಂದೆ ಓಡಾಡುತ್ತಿದ್ದೇನೆ, ಆದರೂ ಇಂಥದ್ದು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಡುತ್ತೇನೆ.

ಸರಿ, ಇದನ್ನು ಎಲ್ಲಾದರೂ ಬಿಟ್ಟು ನೋಡಿದ್ದಾರಾ? ನೋಡಿದ್ದಾರೆ. ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಬಂದರಿಗೆ 1930ರ ದಶಕದ ಹೊತ್ತಿಗೆ ದಕ್ಷಿಣ ಅಮೆರಿಕದ ಒಂದು ಕೆಂಪು ಬೆಂಕಿ ಇರುವೆ ಹಡಗಿನಲ್ಲಿ ಬಂದಿಳಿಯಿತು. ಸೊಲೆನಾಪ್ಸಿಸ್ ಇನ್‌ವಿಕ್ಟಾ ಅಂತ ಅದರ ಹೆಸರು. ಆ ಇರುವೆ ಬಂತು, ತವರಿನಲ್ಲಿ ಅದನ್ನು ಕಾಡುತ್ತಿದ್ದ ನೊಣಗಳು ಬರಲಿಲ್ಲ. ದಕ್ಷಿಣದ ರಾಜ್ಯಗಳ ಹೊಲ, ಅಂಗಳ, ಹುಲ್ಲುಗಾವಲು ಎಲ್ಲ ಕಡೆ ಹಬ್ಬಿತು. ತವರಿನಲ್ಲಿ ಈ ಬೆಂಕಿ ಇರುವೆಗಳ ಮೇಲೆ ಎರಗುವ ಸ್ಯೂಡಾಕ್ಟಿಯಾನ್ ಜಾತಿಗಳೇ ಇಪ್ಪತ್ತಕ್ಕೂ ಜಾಸ್ತಿ ಇವೆ. ಅವನ್ನು ತಂದು, ಬೇರೆ ಇರುವೆಗಳ ಮೇಲೆ ಎರಗುತ್ತವಾ ಅಂತ ಪರೀಕ್ಷೆ ಮಾಡಿ, 1997ರಲ್ಲಿ ಫ್ಲಾರಿಡಾದಲ್ಲಿ ಟ್ರೈಕಸ್ಪಿಸ್ ಅನ್ನುವ ಜಾತಿಯನ್ನು ಬಿಟ್ಟರು, ಅದು ನೆಲೆಯೂರಿತು. ಅದಕ್ಕೆ ದೊಡ್ಡ ಇರುವೆ ಇಷ್ಟ. ಸಣ್ಣ ಇರುವೆ ಹುಡುಕುವ ಕರ್ವೇಟಸ್ ಅನ್ನುವ ಇನ್ನೊಂದನ್ನು ಆಮೇಲೆ ಬಿಟ್ಟರು. ಹೀಗೆ ಒಂದೊಂದಾಗಿ ಕೆಲವು ಜಾತಿ ಸೇರಿಸಿದರು.

ಫಲ ಏನು? ಇಲ್ಲಿ ನಿಮ್ಮ ಮಗನ ವಿಡಿಯೋ ಹೇಳದ ಭಾಗ ಇದೆ. ನೊಣಗಳು ಚೆನ್ನಾಗಿ ಹರಡಿದವು. ಆದರೆ ಮೊಟ್ಟೆ ಹೊತ್ತ ಇರುವೆಗಳನ್ನು ಎಣಿಸಿದಾಗ ಸಾಮಾನ್ಯವಾಗಿ ನೂರಕ್ಕೆ ಮೂರೂ ಸಿಗಲಿಲ್ಲ. ಒಂದು ಗೂಡಿನಲ್ಲಿ ಲಕ್ಷಕ್ಕೂ ಮೀರಿ ಇರುವೆ ಇರುವಾಗ ಅಷ್ಟು ತಲೆ ಉರುಳಿದರೆ ರಾಣಿಗೆ ಅದು ಲೆಕ್ಕಕ್ಕೇ ಇಲ್ಲ. ಬೆಂಕಿ ಇರುವೆ ಅಮೆರಿಕದಲ್ಲಿ ಇವತ್ತಿಗೂ ಇದೆ.

ಹಾಗಾದರೆ ನೊಣ ದಂಡವಾ? ದಂಡ ಅನ್ನಲಾರೆ. ಅದರ ನಿಜವಾದ ಬಲ ಇರುವುದು ಭಯದಲ್ಲಿ. ಒಂದೆರಡು ನೊಣ ಗೂಡಿನ ಮೇಲೆ ಸುಳಿದರೆ ಸಾಕು, ನೂರಾರು ಇರುವೆಗಳು ಹಿಡಿದ ಕೆಲಸ ಬಿಟ್ಟುಬಿಡುತ್ತವೆ. ಕೆಲವು ಅಲ್ಲಾಡದೆ ನಿಂತುಬಿಡುತ್ತವೆ, ಕೆಲವು ಮೈ ಬಾಗಿಸಿ ಮುದುಡುತ್ತವೆ, ಕೆಲವು ಕಸಕಡ್ಡಿಯ ಕೆಳಗೆ ಅಡಗುತ್ತವೆ. ಸಿಕ್ಕ ಆಹಾರ ಅಲ್ಲೇ ಬಿದ್ದಿರುತ್ತದೆ. ಅಷ್ಟರಲ್ಲಿ ಬೇರೆ ಜಾತಿಯ ಇರುವೆ ಬಂದು ಅದನ್ನು ಹೊತ್ತೊಯ್ಯುತ್ತದೆ. ನಮ್ಮೂರಿನ ಕೋಳಿಗಳನ್ನು ನೋಡಿಲ್ಲವಾ? ಹದ್ದು ದಿನಾ ಒಂದು ಮರಿ ಒಯ್ಯುವುದಿಲ್ಲ, ಆದರೆ ಅದರ ನೆರಳು ಅಂಗಳದ ಮೇಲೆ ಹಾದುಹೋದರೆ ಎಲ್ಲ ಮೇವು ಬಿಟ್ಟು ಬೇಲಿಯೊಳಗೆ ನುಗ್ಗುತ್ತವೆ. ಇದೂ ಹಾಗೇ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಎಲೆ ಕತ್ತರಿಸುವ ಇರುವೆಗಳು ಈ ಭಯಕ್ಕೆ ಒಂದು ಉಪಾಯವನ್ನೇ ಮಾಡಿಕೊಂಡಿವೆ. ದೊಡ್ಡ ಇರುವೆ ಎಲೆ ಚೂರು ಹೊತ್ತು ನಡೆಯುವಾಗ ಬಾಯಿ ತುಂಬ ಎಲೆ, ನೊಣ ಬಂದರೆ ಕಚ್ಚಲು ಆಗುವುದಿಲ್ಲ. ಅದಕ್ಕೇ ಅದೇ ಗೂಡಿನ ಪುಟಾಣಿ ಇರುವೆಯೊಂದು ಎಲೆಯ ಮೇಲೆ ಏರಿ ಕೂತು ಕಾವಲು ಕಾಯುತ್ತದೆ. ನೊಣ ಹತ್ತಿರ ಬಂದರೆ ಬಾಯಿ ತೆರೆದು ಕಾಲೆತ್ತಿ ಅಟ್ಟುತ್ತದೆ.

ನಿಮ್ಮ ಮಾವಿನ ಮರಕ್ಕೆ ಹತ್ತಿರವಾದ ಕಥೆ ಮೆಕ್ಸಿಕೋದ ಚಿಯಾಪಾಸ್ ಕಾಫಿ ತೋಟಗಳದ್ದು. ಅಲ್ಲಿ ಅಸ್ಟೆಕಾ ಅನ್ನುವ ಇರುವೆ ಕಾಫಿ ಗಿಡಕ್ಕೆ ಅಂಟಿಕೊಂಡು ರಸ ಹೀರುವ ಹಸಿರು ಶಲ್ಕ ಕೀಟವನ್ನು ದನ ಕಾದ ಹಾಗೆ ಕಾಯುತ್ತದೆ. ನಮ್ಮ ಚಿಕ್ಕಮಗಳೂರು ಕೊಡಗಿನ ಕಾಫಿಗೂ ಅಂಟುವ ಕೀಟವೇ ಅದು. ಕೀಟ ಸಿಹಿ ಅಂಟು ಸುರಿಸುತ್ತದೆ, ಇರುವೆ ಅದನ್ನು ಕುಡಿಯುತ್ತದೆ, ಬದಲಿಗೆ ಕೀಟ ತಿನ್ನಲು ಬಂದ ಗುಲಗಂಜಿ ಹುಳವನ್ನು ಕಚ್ಚಿ ಓಡಿಸುತ್ತದೆ. ಸ್ಯೂಡಾಕ್ಟಿಯಾನ್ ನೊಣ ಬಂತು ಅನ್ನಿ, ಇರುವೆಗಳು ಗಾಬರಿಯ ವಾಸನೆ ಬಿಟ್ಟು ಮರಗಟ್ಟಿ ನಿಲ್ಲುತ್ತವೆ. ತಾಯಿ ಗುಲಗಂಜಿ ಹುಳ ಆ ವಾಸನೆಯನ್ನೇ ಗುರುತು ಹಿಡಿದು ಅದೇ ಹೊತ್ತಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತದೆ! ನೊಣಕ್ಕೆ ಕಾಫಿಯೂ ಬೇಡ, ಶಲ್ಕ ಕೀಟವೂ ಬೇಡ, ಅದು ಬಂದದ್ದು ಇರುವೆಗೋಸ್ಕರ. ಆದರೆ ಅದು ಬಂದಿದ್ದರಿಂದ ಗಿಡಕ್ಕೆ ಒಳ್ಳೆಯದಾಯಿತು.

ನಿಮ್ಮ ತೋಟದ ಇರುವೆಯ ಗುಟ್ಟು ಇಲ್ಲೇ ಇದೆ. ಇರುವೆ ಸುಮ್ಮನೆ ಮಾವಿನ ಮರ ಹತ್ತುವುದಿಲ್ಲ. ಮೇಲೆ ಸಿಹಿ ಸಿಗುತ್ತಿದೆ. ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಇರುವೆ ಸಾಲು ಹಿಡಿದು ಕೊಂಬೆಯ ತುದಿವರೆಗೆ ಕಣ್ಣು ಹಾಯಿಸಿ. ಎಲೆಯಡಿ, ಕಾಯಿಯ ತೊಟ್ಟಿನ ಹತ್ತಿರ ಬಿಳಿ ಹಿಟ್ಟು ಉದುರಿಸಿದಂತೆ ಕಂಡರೆ ಅದು ಹಿಟ್ಟು ತಿಗಣೆ. ಕೆಳಗಿನ ಎಲೆ ಜಿಗುಟಾಗಿ, ಮೇಲೆ ಮಸಿ ಬಳಿದಂತೆ ಕಪ್ಪಾಗಿದ್ದರೆ ಅನುಮಾನವೇ ಬೇಡ, ಅದು ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಹೂವಿನ ಕಾಲದಲ್ಲಿ ಜಿಗಿಹುಳು ಜಾಸ್ತಿ ಇದ್ದರೂ ಹೀಗೇ ಆಗುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಅಂದರೆ ಇರುವೆ ಕಂಡ ಕೂಡಲೇ ಘಾಟು ಔಷಧಿ ಹೊಡೆಯುವುದು. ಇರುವೆ ಸಾಯುತ್ತದೆ, ನಿಜ. ಜೊತೆಗೆ ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳ, ತಿಗಣೆಯೊಳಗೆ ಮೊಟ್ಟೆ ಇಡುವ ಸಣ್ಣ ಕಣಜ ಎಲ್ಲವೂ ಸಾಯುತ್ತವೆ. ಹಿಟ್ಟು ತಿಗಣೆಗೆ ಮೇಣದ ಹೊದಿಕೆ ಇದೆ, ಅದರಲ್ಲಿ ಅರ್ಧಕ್ಕರ್ಧ ಉಳಿದುಕೊಳ್ಳುತ್ತದೆ. ತಿಂಗಳಲ್ಲಿ ಮರ ಮೊದಲಿಗಿಂತ ಬಿಳಿಯಾಗುತ್ತದೆ, ಇರುವೆ ಮತ್ತೆ ಬರುತ್ತದೆ. ಶ್ರೀನಿವಾಸಪುರ ಕಡೆ ಇಂಥ ತೋಟಗಳಲ್ಲಿ ನಿಂತು ನಾನು ರೈತರ ಜೊತೆ ಬೇಸರ ಪಟ್ಟಿದ್ದೇನೆ, ಔಷಧಿಯ ಬಿಲ್ಲು ಕೈಯಲ್ಲಿ, ಮರದಲ್ಲಿ ಮಸಿ.

ಮೊದಲು ಇರುವೆಯ ದಾರಿ ಕಡಿಯಿರಿ. ನೆಲಕ್ಕೆ ತಾಗುವ ರೆಂಬೆ, ಪಕ್ಕದ ಮರಕ್ಕೆ ತಾಗುವ ರೆಂಬೆ ಸವರಿ. ಬುಡದ ಎತ್ತರದ ಕಳೆ ತೆಗೆಯಿರಿ, ಒಂದು ಹುಲ್ಲುಕಡ್ಡಿ ತಾಗಿದ್ದರೂ ಅವಕ್ಕೆ ಅದೇ ಸೇತುವೆ. ಕಾಂಡದ ಸುತ್ತ ಒಂದಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ, ತೊಗಟೆಯ ಸಂದು ಇದ್ದರೆ ಮಣ್ಣು ಮೆತ್ತಿ, ಹಾಳೆಯ ಮೇಲೆ ಗ್ರೀಸ್ ಸವರಿ. ತೊಗಟೆಗೇ ನೇರ ಗ್ರೀಸ್ ಹಚ್ಚಬೇಡಿ, ಮರಕ್ಕೆ ಕೆಟ್ಟದ್ದು. ಧೂಳು ಕೂತಾಗ ಮತ್ತೆ ಸವರಬೇಕು. ತಿಗಣೆ ತುಂಬಿದ ರೆಂಬೆಯ ತುದಿ ಕತ್ತರಿಸಿ ಸುಟ್ಟುಹಾಕಿ. ಉಳಿದದ್ದಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಬೇವಿನ ಸಾಬೂನು ಅಥವಾ ಹೊಂಗೆ ಸಾಬೂನು ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿ ಕದಡಿ, ಎಲೆಯಡಿಗೆ ತಾಗುವ ಹಾಗೆ ಸಂಜೆ ಸಿಂಪಡಿಸಿ. ಇದಾದ ಎರಡು ವಾರಕ್ಕೆ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳ ತಂದು ಬಿಡಬಹುದು, ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದವರಿಗೆ ಇದು ಹೊಸದಲ್ಲ. ಅದರ ಮರಿ ಕೂಡ ಬಿಳಿ ಹಿಟ್ಟು ಮೆತ್ತಿದ ಹಾಗೇ ಇರುತ್ತದೆ, ದೊಡ್ಡ ತಿಗಣೆ ಅಂದುಕೊಂಡು ಹೊಸಕಿ ಹಾಕಬೇಡಿ. ಇರುವೆ ದಾರಿ ಮುಚ್ಚದೆ ಹುಳ ಬಿಟ್ಟರೆ ದುಡ್ಡು ದಂಡ, ಬಂದ ಹುಳವನ್ನೆಲ್ಲ ಇರುವೆ ಓಡಿಸುತ್ತದೆ.

ನೆಲದ ಸುಡುವ ಇರುವೆ ಬೇರೆ ಸಮಾಚಾರ. ನಮ್ಮ ಹೊಲಗಳಲ್ಲಿ ಹೀಗೆ ಚುಚ್ಚಿ ಉರಿಸುವುದು ಹೆಚ್ಚಾಗಿ ಸೊಲೆನಾಪ್ಸಿಸ್ ಜೆಮಿನೇಟಾ, ಅಮೆರಿಕದ ಆ ಬೆಂಕಿ ಇರುವೆಯ ದಾಯಾದಿ. ಇದೂ ನಮ್ಮದಲ್ಲ. 16ನೇ ಶತಮಾನದಲ್ಲಿ ಮೆಕ್ಸಿಕೋದ ಅಕಪುಲ್ಕೋದಿಂದ ಮನಿಲಾಗೆ ಹೋಗುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಏಷ್ಯಾಕ್ಕೆ ದಾಟಿತು ಅಂತ 2015ರ ಒಂದು ಅಧ್ಯಯನ ವಂಶವಾಹಿ ನೋಡಿ ಹೇಳಿದೆ. ಜನ ಓಡಾಡುವ ಜಾಗದ ಗೂಡಿಗೆ ಮಾತ್ರ ಬೆಳಗಿನ ಹೊತ್ತು, ಇರುವೆ ಮೇಲುಗಡೆ ಇರುವಾಗ, ಒಂದು ಹಂಡೆ ಕುದಿಯುವ ನೀರು ಸುರಿಯಿರಿ. ಮರದ ಬುಡಕ್ಕೆ ಬೇಡ, ಬೇರು ಬೆಂದುಹೋಗುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಸುರಿಯಬೇಕು. ಕಾಯಿ ಕೀಳುವವರಿಗೆ ಬೂಟು ಕೊಡಿ. ಕಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ, ಮುಖ ಊದಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಹಾಗೇ ಮರದ ಮೇಲೆ ಎಲೆ ಹೊಲೆದು ಗೂಡು ಕಟ್ಟುವ ಕೆಂಪಿರುವೆ ಇದ್ದರೆ ಅದನ್ನು ಪೂರ್ತಿ ಕೀಳಲು ಹೋಗಬೇಡಿ. ಅದೂ ತಿಗಣೆ ಕಾಯುತ್ತದೆ, ಒಪ್ಪುತ್ತೇನೆ, ಆದರೆ ಹಣ್ಣಿನ ನೊಣ ಮತ್ತು ಹುಳಗಳನ್ನು ಅದರಷ್ಟು ಚೆನ್ನಾಗಿ ಕಾಯಿಯಿಂದ ದೂರ ಇಡುವವರು ಇನ್ನಿಲ್ಲ.

ಕೊನೆಗೆ, ಆ ನೊಣವನ್ನು ಹೊರದೇಶದಿಂದ ತರಿಸಿ ಬಿಡಬಾರದಾ ಅನ್ನುವ ಮಾತು. ಯಾರಾದರೂ ಪಾರ್ಸೆಲ್ಲಿನಲ್ಲಿ ತರಿಸಿಕೊಡುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ. ಜೀವಂತ ಕೀಟ ತರಲು ಸರ್ಕಾರದ ಅನುಮತಿ ಬೇಕು, ಮತ್ತು ಅದು ಸುಮ್ಮನೆ ಮಾಡಿದ ಕಾನೂನಲ್ಲ. ಊಜಿ ನೊಣ ಮೊದಲು ಕರ್ನಾಟಕದಲ್ಲಿ ಇರಲೇ ಇಲ್ಲ. ಬಂಗಾಳದ ಕಡೆಯಿಂದ ರೇಷ್ಮೆ ಗೂಡಿನ ಜೊತೆ 1980ರಲ್ಲಿ ಬಂತು, ಸಾಕಾಣಿಕೆ ಮನೆಗಳಿಗೆ ಇವತ್ತಿಗೂ ಬಲೆ ಕಟ್ಟುತ್ತಿದ್ದೇವೆ. ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ ಎಲ್ಲಕ್ಕೂ ಹಬ್ಬಿತ್ತು. ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಂತ ಈಗ ಕರೆಯುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೋದಿಂದ ಮೂರು ಬಗೆಯ ಸಣ್ಣ ಕಣಜ ತರಿಸಿತು, ಪರೀಕ್ಷೆ ಮಾಡಿ ಆಮೇಲೆ ಹೊರಗೆ ಬಿಟ್ಟಿತು. ಅದರಲ್ಲಿ ಅಸೆರೊಫೇಗಸ್ ಪಪಾಯೇ ಅನ್ನುವುದು ತಿಗಣೆಯನ್ನು ಹತೋಟಿಗೆ ತಂದಿತು. ಇರುವೆಯ ನೊಣಗಳಿಗೂ ಇದೇ ನಿಯಮ. ಒಂದೊಂದು ಜಾತಿಗೂ ಅದರದ್ದೇ ಇರುವೆ ಬೇಕು, ಆ ಇರುವೆ ಸಿಗದಿದ್ದರೆ ವಾರದಲ್ಲಿ ಸತ್ತುಹೋಗುತ್ತವೆ. ನಿಮ್ಮ ಮರ ಹತ್ತುವ ಇರುವೆ ಯಾವುದು ಅಂತಲೇ ನಾವಿನ್ನೂ ನೋಡಿಲ್ಲ ಅಲ್ವಾ?

ಅದಕ್ಕೇ ಒಂದು ಕೆಲಸ ಮಾಡಿ. ಮರ ಹತ್ತುವ ಇರುವೆ ಹತ್ತು, ನೆಲದ ಕೆಂಪಿರುವೆ ಹತ್ತು, ಬೇರೆ ಬೇರೆ ಸಣ್ಣ ಸೀಸೆಯಲ್ಲಿ ಹಾಕಿ, ಮುಳುಗುವಷ್ಟು ಸ್ಪಿರಿಟ್ ಸುರಿದು, ಪೆನ್ಸಿಲ್ಲಿನಲ್ಲಿ ಊರು ತಾರೀಖು ಬರೆದ ಚೀಟಿಯನ್ನು ಒಳಗೇ ಇಟ್ಟು ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ತಿಗಣೆ ಅಂಟಿದ ಒಂದು ರೆಂಬೆ ತುದಿಯನ್ನೂ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ಮುಂದಿನ ಮಳೆಗೆ ಮುಂಚೆ ಇರುವೆ ಮತ್ತೆ ಗೂಡು ಬದಲಾಯಿಸಿದರೆ ಮಗನಿಗೆ ಮೊಬೈಲು ಹಿಡಿದು ಆ ಕಲ್ಲಿನ ಹತ್ತಿರ ಕೂರಲು ಹೇಳಿ. ನೊಣದ ಮೇಲೆ ನೆರಳು ಬೀಳದ ಹಾಗೆ ಕೂರಬೇಕು, ಇಲ್ಲದಿದ್ದರೆ ಹಾರಿಬಿಡುತ್ತದೆ. ಕೋಶ ಕಿತ್ತುಕೊಳ್ಳುವ ಗಳಿಗೆಯ ವಿಡಿಯೋ ಸಿಕ್ಕರೆ ನನಗೂ ಕಳಿಸಿ.